ಕಾಲೇಜು ಮೇಷ್ಟ್ರಿಗೆ ಪಾಠ ಮಾಡೋದು ಕಲಿಸೋರು ಯಾರು?

ಕಳೆದ ವರ್ಷದ ಮಾತು. ನಮ್ಮ ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಸ್ಮಾರ್ಟ್ ಕ್ಲಾಸ್ ಉದ್ಘಾಟನೆ ಇತ್ತು. ಅತಿಥಿಗಳು ಒಂದೂವರೆ ತಾಸು ತಡವಾಗಿ ಬಂದರು, ರಿಬ್ಬನ್ ಕತ್ತರಿಸಿದರು, ಫೋಟೊ ಆಯಿತು. ನಾನು ನಾಲ್ಕು ಸಾಲು ಬರೆದುಕೊಂಡು ಗೇಟಿನ ಹೊರಗಿನ ಚಹಾದಂಗಡಿಗೆ ಬಂದೆ. ಹಿಂದೆಯೇ ಒಬ್ಬರು ಬಂದು ನಿಂತರು. ವಯಸ್ಸು ನೋಡಿ ವಿದ್ಯಾರ್ಥಿ ಇರಬೇಕು ಅಂದುಕೊಂಡೆ.

"ಸರ, ನಾನು ಪೊಲಿಟಿಕಲ್ ಸೈನ್ಸ್‌ಗೆ ಹೊಸದಾಗಿ ಬಂದೀನ್ರಿ. ನೀವು ಇದೇ ಕಾಲೇಜಿನ್ಯಾಗ ಓದಿದವ್ರಂತ. ಒಂದಿನ ನನ್ನ ಕ್ಲಾಸಿನ್ಯಾಗ ಹಿಂದ ಕುಂತು ನೋಡಿ, ಎಲ್ಲಿ ತಪ್ಪಾಕತ್ತೈತಿ ಹೇಳ್ತೀರೇನ್ರಿ? ಹುಡುಗ್ರು ಕೇಳವಲ್ರು."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಇವರು ಎಂ.ಎ. ಮಾಡಿದವರು, ನೆಟ್ ಪಾಸಾದವರು. 2021ರಲ್ಲಿ 1242 ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಅಧಿಸೂಚನೆ ಆಗಿ, ಕೆಇಎ ಪರೀಕ್ಷೆ ಬರೆದು, ವರ್ಷಗಟ್ಟಲೆ ಕಾದು ನೇಮಕವಾದ ಬ್ಯಾಚಿನವರು. ನಾನು ಬಿ.ಎ. ಮುಗಿಸಿ, ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿ, ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು ಎಣಿಸುವ ಜಿಲ್ಲಾ ಸ್ಟ್ರಿಂಗರ್. ಪಾಠ ಹೇಗೆ ಮಾಡಬೇಕು ಅಂತ ನನ್ನನ್ನು ಕೇಳುವಂಥ ಸ್ಥಿತಿ ಅವರಿಗೆ ಯಾಕೆ ಬಂತು? ಕೇಳಿದೆ. "ಮತ್ತ್ಯಾರನ್ನ ಕೇಳ್ಲಿ ಸರ?" ಅಂದರು.

ಈ ಬರಹ ಹುಟ್ಟಿದ್ದು ಆ ಪ್ರಶ್ನೆಯಿಂದ.

ಹಿಂದಿನ ಬೆಂಚಿನಲ್ಲಿ ಐವತ್ತು ನಿಮಿಷ

ಮುಂದಿನ ವಾರ ಹೋಗಿ ಕುಂತೆ. ಬಿ.ಎ. ತರಗತಿ. ಹಾಜರಿ ಪುಸ್ತಕದಲ್ಲಿ ನೂರರ ಮೇಲೆ ಹೆಸರು, ಒಳಗೆ ಅರವತ್ತರಷ್ಟು ಮಕ್ಕಳು. ಹತ್ತಿ ಬಿಡಿಸುವ ಸುಗ್ಗಿ, ಉಳಿದವರು ಹೊಲದಲ್ಲಿದ್ದರು. ಬಸ್ಸಿನವರು ಹತ್ತು ನಿಮಿಷ ತಡವಾಗಿ ಒಳಗೆ ಬಂದರು.

ಅವತ್ತಿನ ಪಾಠ ಪಂಚಾಯತ್ ರಾಜ್. ಮೇಷ್ಟ್ರು ರಾತ್ರಿ ಕುಂತು ತಯಾರಿ ಮಾಡಿದ್ದರು ಅನ್ನುವುದು ಕಾಣುತ್ತಿತ್ತು. ಪರದೆಯ ಮೇಲೆ ಮೂವತ್ತು ಸ್ಲೈಡುಗಳು. ಸಂವಿಧಾನದ 73ನೇ ತಿದ್ದುಪಡಿ, 1992. ಜಾರಿಗೆ ಬಂದದ್ದು 1993ರ ಏಪ್ರಿಲ್ 24. ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ, 1993. ಮಹಿಳೆಯರಿಗೆ ಅರ್ಧದಷ್ಟು ಮೀಸಲಾತಿ. ಒಂದಕ್ಷರ ತಪ್ಪಿಲ್ಲ. ಪರದೆಯ ಮೇಲೆ ಇದ್ದುದನ್ನೇ ಓದಿದರು, ವಿವರಿಸಿದರು, ಮತ್ತೆ ಓದಿದರು. ಮುಂದಿನ ಎರಡು ಸಾಲಿನ ಹುಡುಗಿಯರು ಬರೆದುಕೊಂಡರು. ನನ್ನ ಪಕ್ಕದವನು ಮೊಬೈಲನ್ನು ನೋಟ್‌ಬುಕ್ ಒಳಗೆ ಇಟ್ಟುಕೊಂಡು ರೀಲ್ಸ್ ನೋಡಿದ. ಕೊನೆಗೆ "ಡೌಟ್ ಐತೇನ್ರಿ?" ಅಂದಾಗ ಇಡೀ ಕ್ಲಾಸಿನಿಂದ ಬಂದದ್ದು ಒಂದೇ ಮಾತು: "ಸರ, ಪಿಪಿಟಿ ಗ್ರೂಪಿಗೆ ಹಾಕ್ರಿ."

ನಾನು ಅಲ್ಲಿ ಓದುವಾಗ ಹಳದಿ ಬಣ್ಣಕ್ಕೆ ತಿರುಗಿದ ನೋಟ್ಸ್ ಇಟ್ಟುಕೊಂಡು ಡಿಕ್ಟೇಶನ್ ಕೊಡುತ್ತಿದ್ದರು. ಈಗ ಅದೇ ನೋಟ್ಸ್ ಪರದೆಯ ಮೇಲೆ ಬಂದಿದೆ. ಇದನ್ನೇ ನಾವು ಆಧುನಿಕ ಬೋಧನೆ ಅನ್ನುತ್ತಿದ್ದೇವೆ, ಇದಕ್ಕೇ ರಿಬ್ಬನ್ ಕತ್ತರಿಸಿದ್ದು, ಅದನ್ನೇ ನಾನೂ ಸುದ್ದಿ ಮಾಡಿ ಕಳಿಸಿದ್ದು.

ಕ್ಲಾಸು ಬಿಟ್ಟ ಮೇಲೆ ಮೂರನೇ ಸಾಲಿನ ಹುಡುಗಿಯೊಬ್ಬಳು ನನ್ನನ್ನು ಮಾತಾಡಿಸಿದಳು. ಅವರ ಊರಿನ ಸುದ್ದಿ ಮಾಡಲು ಹೋದಾಗ ನೋಡಿದ್ದಳಂತೆ. ಅವಳ ತಾಯಿ ಗ್ರಾಮ ಪಂಚಾಯಿತಿ ಸದಸ್ಯೆ. ಐವತ್ತು ನಿಮಿಷ ಪಂಚಾಯಿತಿಯ ಪಾಠ ನಡೆದ ಕೋಣೆಯಲ್ಲಿ ಪಂಚಾಯಿತಿ ಸದಸ್ಯೆಯ ಮಗಳು ಕುಂತಿದ್ದಳು. ಅದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಗೊತ್ತಾಗುವಂಥ ಒಂದು ಪ್ರಶ್ನೆಯೂ ಆ ಪಾಠದಲ್ಲಿ ಇರಲಿಲ್ಲ.

ಚಹಾದಂಗಡಿಯಲ್ಲಿ ಅದನ್ನೇ ಹೇಳಿದೆ. ಅವರು ಸುಮಾರು ಹೊತ್ತು ಸುಮ್ಮನಿದ್ದರು.

ತಪ್ಪು ಅವರದಲ್ಲ

ಒಂದು ಲೆಕ್ಕ ನೋಡಿ. ಒಂಬತ್ತನೇ ಕ್ಲಾಸಿನ ಮಗುವಿಗೆ ಸಮಾಜ ವಿಜ್ಞಾನ ಕಲಿಸಬೇಕು ಅಂದರೆ ಬಿ.ಎಡ್. ಬೇಕು. ಅದು 2015ರಿಂದ ಎರಡು ವರ್ಷದ ಕೋರ್ಸು. ಅದರಲ್ಲಿ 20 ವಾರ ಶಾಲೆಯಲ್ಲೇ ಇರಬೇಕು, ಮಕ್ಕಳ ಮುಂದೆ ನಿಂತು ಪಾಠ ಮಾಡಬೇಕು, ಹಿಂದೆ ಕುಂತ ಮೇಷ್ಟ್ರು ಬರೆದುಕೊಂಡ ತಪ್ಪುಗಳನ್ನು ಕೇಳಿಸಿಕೊಳ್ಳಬೇಕು. ಆರೇಳು ನಿಮಿಷದ ಚಿಕ್ಕ ಪಾಠ ಮಾಡಿ, ತಿದ್ದಿಸಿಕೊಂಡು, ಮತ್ತೆ ಅದೇ ಪಾಠ ಮಾಡುವ ಮೈಕ್ರೊ ಟೀಚಿಂಗ್ ಅಲ್ಲಿ ಕಡ್ಡಾಯ.

ಅದೇ ಮಗು ನಾಲ್ಕು ವರ್ಷ ಬಿಟ್ಟು ಡಿಗ್ರಿಗೆ ಬಂದರೆ ಅದಕ್ಕೆ ಪಾಠ ಮಾಡುವವರಿಗೆ ಇದಾವುದೂ ಬೇಡ. ಸ್ನಾತಕೋತ್ತರ ಪದವಿ, ಜತೆಗೆ ನೆಟ್ ಅಥವಾ ಕೆ-ಸೆಟ್, ಇಲ್ಲವೇ ಪಿಎಚ್.ಡಿ. ನೆಟ್ ಪರೀಕ್ಷೆಯಲ್ಲಿ ಎರಡೂ ಪತ್ರಿಕೆ ಸೇರಿ 150 ಪ್ರಶ್ನೆ. ಬೋಧನಾ ಸಾಮರ್ಥ್ಯ ಅನ್ನುವ ಒಂದು ಘಟಕ ಮೊದಲ ಪತ್ರಿಕೆಯಲ್ಲಿದೆ, ಅದಕ್ಕೆ 5 ಪ್ರಶ್ನೆ. ಅವೂ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕುವ ಪ್ರಶ್ನೆಗಳು. ಈಜು ಬರುತ್ತದೆಯೇ ಅಂತ ದಡದಲ್ಲಿ ಕುಂಡ್ರಿಸಿ ಕೇಳಿದ ಹಾಗೆ.

ಪಿಎಚ್.ಡಿ. ಮಾಡುವವರಿಗೆ ತಮ್ಮ ವಿಷಯದ ಬೋಧನೆಯಲ್ಲೂ ತರಬೇತಿ ಇರಬೇಕು ಅಂತ ಯುಜಿಸಿ 2022ರ ನಿಯಮದಲ್ಲಿ ಹೇಳಿದೆ. ಒಳ್ಳೆಯದೇ. ಆದರೆ ನಮ್ಮ ತಾಲ್ಲೂಕು ಕಾಲೇಜುಗಳಲ್ಲಿ ಇವತ್ತು ನಿಂತು ಪಾಠ ಮಾಡುವ ಬಹಳಷ್ಟು ಮಂದಿ ಆ ದಾರಿಯಲ್ಲಿ ಬಂದವರಲ್ಲ. ಅವರಿಗೆ ಗೊತ್ತಿರುವುದು ಒಂದೇ ಪದ್ಧತಿ, ತಮಗೆ ಪಾಠ ಮಾಡಿದವರ ಪದ್ಧತಿ. ಆ ಹಿರಿಯರಿಗೆ ಅವರ ಹಿರಿಯರದ್ದು.

ತರಬೇತಿ ಇದೆ, ಆದರೆ

ಇದನ್ನು ಸರ್ಕಾರ ಗಮನಿಸಿಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರವೇ ಯುಜಿಸಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ನಮ್ಮಲ್ಲಿ ಬೆಂಗಳೂರು, ಮೈಸೂರು ವಿಶ್ವವಿದ್ಯಾಲಯಗಳಲ್ಲೂ ಬಂದವು. ಆಮೇಲೆ ಅವಕ್ಕೆ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ ಅಂತ ಹೆಸರಾಯಿತು. 2023ರಲ್ಲಿ ಮಾಳವೀಯ ಮಿಷನ್ ಶಿಕ್ಷಕರ ತರಬೇತಿ ಕೇಂದ್ರಗಳಾದವು. ಹೊಸಬರಿಗೆಂದೇ 'ಗುರು ದಕ್ಷತಾ' ಎಂಬ ಒಂದು ತಿಂಗಳ ಕಾರ್ಯಕ್ರಮವಿದೆ. ಅದರ ಪಠ್ಯಕ್ರಮ ಓದಿದರೆ ಬೇಕಾದದ್ದೆಲ್ಲ ಇದೆ.

ತೊಂದರೆ ಇರುವುದು ಎರಡು ಕಡೆ. ಮೊದಲನೆಯದು, ಈ ತರಬೇತಿ ಬಡ್ತಿಗೆ ಕಟ್ಟಿಹಾಕಿದ್ದು. ಮುಂದಿನ ವೇತನ ಶ್ರೇಣಿಗೆ ಹೋಗಲು ಓರಿಯಂಟೇಷನ್ ಸರ್ಟಿಫಿಕೇಟು ಬೇಕು, ಆದ್ದರಿಂದ ಅದನ್ನು ಯಾವಾಗಲಾದರೂ ಮಾಡಿದರಾಯಿತು. ನಮ್ಮ ಮೇಷ್ಟ್ರು ಕೆಲಸಕ್ಕೆ ಸೇರಿದ ಮರುದಿನವೇ ಕ್ಲಾಸಿಗೆ ಹೋಗಿದ್ದರು. ಪಾಠ ಹೇಗೆ ಮಾಡಬೇಕು ಅನ್ನುವ ತರಬೇತಿ ಸಿಕ್ಕಿದ್ದು ಎರಡು ಸೆಮಿಸ್ಟರ್ ಆದ ಮೇಲೆ. ಅಷ್ಟೊತ್ತಿಗೆ ಅಭ್ಯಾಸ ಗಟ್ಟಿಯಾಗಿರುತ್ತದೆ.

ಎರಡನೆಯದು, ಆ ತರಬೇತಿ ನಡೆಯುವ ರೀತಿ. ಅವರು ಆನ್‌ಲೈನಿನಲ್ಲಿ ಮಾಡಿದ್ದು. ದಿನಕ್ಕೆ ನಾಲ್ಕು ಉಪನ್ಯಾಸ. 'ವಿದ್ಯಾರ್ಥಿ ಕೇಂದ್ರಿತ ಬೋಧನೆ' ಎಂಬ ವಿಷಯದ ಮೇಲೆ ಸಂಪನ್ಮೂಲ ವ್ಯಕ್ತಿಯೊಬ್ಬರು ತೊಂಬತ್ತು ನಿಮಿಷ ಬಿಡುವಿಲ್ಲದೆ ಮಾತಾಡಿದರಂತೆ. ಕೇಳುವವರ ಕ್ಯಾಮೆರಾ ಆಫ್. "ನಾನೂ ಮ್ಯೂಟ್ ಮಾಡಿ ಬಟ್ಟಿ ಇಸ್ತ್ರಿ ಮಾಡೀನ್ರಿ ಸರ, ಸುಳ್ಳ ಯಾಕ್ ಹೇಳ್ಲಿ" ಅಂದರು. ಕೊನೆಗೆ ಫೀಡ್‌ಬ್ಯಾಕ್ ಫಾರಂ, ಸರ್ಟಿಫಿಕೇಟು. ಇಡೀ ತಿಂಗಳಲ್ಲಿ ಅವರು ಪಾಠ ಮಾಡುವುದನ್ನು ಯಾರೂ ಒಂದು ನಿಮಿಷವೂ ನೋಡಲಿಲ್ಲ.

ಎಲ್ಲ ಕೇಂದ್ರಗಳೂ ಹೀಗೇ ಅಂತ ನಾನು ಹೇಳುವುದಿಲ್ಲ. ಚೆನ್ನಾಗಿ ನಡೆಸುವವರೂ ಇದ್ದಾರೆ. ಆದರೆ ಭಾಷಣ ಮಾಡಬೇಡಿ ಅನ್ನುವುದನ್ನು ಭಾಷಣ ಮಾಡಿ ಕಲಿಸಲು ಆಗುವುದಿಲ್ಲ.

ಹಾಗಾದರೆ ಆಧುನಿಕ ಅಂದರೇನು?

ಪ್ರೊಜೆಕ್ಟರ್ ಅಲ್ಲ. ಇದಕ್ಕೆ ಎಲ್ಲರೂ ಹೇಳುವ ಒಂದು ಉದಾಹರಣೆ ಇದೆ, ಹೇಳುವಂಥದ್ದೇ ಆದ್ದರಿಂದ ನಾನೂ ಹೇಳುತ್ತೇನೆ. ಎರಿಕ್ ಮಝೂರ್ ಅಮೆರಿಕದ ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ವಿದ್ಯಾರ್ಥಿಗಳು ಅವರ ಪಾಠ ಮೆಚ್ಚುತ್ತಿದ್ದರು, ಲೆಕ್ಕಗಳನ್ನೂ ಬಿಡಿಸುತ್ತಿದ್ದರು. ಆದರೆ ಬಲ, ಚಲನೆಯಂಥ ಮೂಲ ಸಂಗತಿಗಳ ಬಗ್ಗೆ ಸರಳ ಪ್ರಶ್ನೆ ಕೇಳಿದಾಗ ಬಹಳಷ್ಟು ಮಂದಿಗೆ ತಿಳಿದೇ ಇರಲಿಲ್ಲ ಅನ್ನುವುದು ಗೊತ್ತಾಯಿತು. 1990ರ ಆಸುಪಾಸಿನಲ್ಲಿ ಅವರು ಪದ್ಧತಿ ಬದಲಿಸಿದರು. ಸ್ವಲ್ಪ ಹೊತ್ತು ಪಾಠ, ಆಮೇಲೆ ಒಂದು ಪ್ರಶ್ನೆ. ಪ್ರತಿಯೊಬ್ಬರೂ ಮೊದಲು ತಾವೇ ಉತ್ತರ ಯೋಚಿಸಬೇಕು. ನಂತರ ಪಕ್ಕದವರ ಜತೆ ವಾದ ಮಾಡಬೇಕು. ಮತ್ತೆ ಉತ್ತರ ಹೇಳಬೇಕು. ಇದಕ್ಕೆ ಕರೆಂಟೂ ಬೇಡ.

2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ಇಂಥ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಎಲ್ಲವೂ ಕಾಲೇಜು ಮಟ್ಟದ ವಿಜ್ಞಾನ, ಎಂಜಿನಿಯರಿಂಗ್, ಗಣಿತ ತರಗತಿಗಳದ್ದು. ಬರೀ ಉಪನ್ಯಾಸ ನಡೆದ ಕಡೆ ನೂರಕ್ಕೆ ಸುಮಾರು 34 ಮಂದಿ ಫೇಲಾದರೆ, ವಿದ್ಯಾರ್ಥಿಗಳೂ ಕೆಲಸ ಮಾಡುವಂತೆ ಪಾಠ ನಡೆದ ಕಡೆ ಸುಮಾರು 22 ಮಂದಿ. ನಮ್ಮ ಬಿ.ಎ. ಕ್ಲಾಸಿಗೆ ಈ ಅಂಕಿಗಳನ್ನು ಹಾಗೇ ತಂದು ಅಂಟಿಸಲು ಬರುವುದಿಲ್ಲ. ಆದರೆ ಕೇಳುತ್ತಾ ಕುಂತವನಿಗಿಂತ ಮಾಡುತ್ತಾ ಕುಂತವನು ಹೆಚ್ಚು ಕಲಿಯುತ್ತಾನೆ ಅನ್ನುವುದು ನಮಗೇನು ಹೊಸದಲ್ಲ. ಕುಂಟಿ ಹೊಡೆಯುವುದನ್ನು ನಮ್ಮಪ್ಪ ನನಗೆ ಹೇಳಿಕೊಟ್ಟಿರಲಿಲ್ಲ, ಕೈಗೆ ಕೊಟ್ಟಿದ್ದರು.

ಡಿಪ್ಲೊಮಾ ಮಾಡುವಾಗ ನನಗೆ ನೆನಪಿರುವುದೂ ಅಂಥ ಒಂದೇ ಪಾಠ. ವರದಿಗಾರಿಕೆಯ ವ್ಯಾಖ್ಯೆಗಳನ್ನು ಮೂರು ತಿಂಗಳು ಬರೆಸಿದ ಮೇಲೆ, ಹೊರಗಿನಿಂದ ಬಂದ ಹಿರಿಯ ಪತ್ರಕರ್ತರೊಬ್ಬರು ನಮ್ಮನ್ನು ಸಂತೆಗೆ ಓಡಿಸಿದರು. "ಉಳ್ಳಾಗಡ್ಡಿ ರೇಟು ತಗೊಂಡು ಒಂದು ಗಂಟೆಯೊಳಗ ಬರ್ರಿ." ಹನ್ನೆರಡು ಮಂದಿ ಹನ್ನೆರಡು ರೇಟು ತಂದೆವು. ಯಾಕೆ ಬೇರೆ ಬೇರೆ ಬಂತು ಅನ್ನುವ ಜಗಳದಲ್ಲಿ ನಾನು ಕಲಿತದ್ದರ ಮೇಲೆ ಇವತ್ತಿಗೂ ಹೊಟ್ಟೆ ಹೊರೆಯುತ್ತಿದ್ದೇನೆ.

ಎರಡನೇ ಸಲ ಹೋದಾಗ

ಮೇಷ್ಟ್ರು ಬಿಡಲಿಲ್ಲ. ಮುಂದಿನ ಪಾಠಕ್ಕೆ ನಾವಿಬ್ಬರೂ ಸೇರಿ ಒಂದು ಪ್ರಶ್ನೆ ಯೋಚಿಸಿದೆವು. 'ನಿಮ್ಮೂರಿನ ಗ್ರಾಮ ಸಭೆಯಲ್ಲಿ ಕೊನೆಗೆ ಮಾತಾಡಿದ ಹೆಣ್ಣುಮಗಳು ಯಾರು? ಏನು ಕೇಳಿದರು?' ಮೂರು ನಿಮಿಷ ಪಕ್ಕದವರ ಜತೆ ಮಾತು, ಆಮೇಲೆ ಎಲ್ಲರ ಮುಂದೆ.

ಮೊದಲ ಪ್ರಯತ್ನ ಕೆಟ್ಟಿತು. ಮೂರು ನಿಮಿಷ ಬರೀ ಗದ್ದಲ. ಪಕ್ಕದ ಕೋಣೆಯವರು ಇಣುಕಿ "ಏನ್ರೀ ಇದು, ಸಂತಿ ಹಚ್ಚೀರಿ?" ಅಂದರು. ಮೇಷ್ಟ್ರ ಮುಖ ಕೆಂಪಾಯಿತು, ಮತ್ತೆ ಸ್ಲೈಡಿಗೆ ಓಡಿದರು. ಇಂಥ ಹೊತ್ತಿನಲ್ಲೇ ಹೊಸ ಮೇಷ್ಟ್ರು ಹೊಸ ಪದ್ಧತಿಯನ್ನು ಶಾಶ್ವತವಾಗಿ ಕೈಬಿಡುವುದು. ಅವತ್ತು ಪಕ್ಕದಲ್ಲಿ ಯಾರಾದರೂ ಇರಬೇಕು. ನಾನಿದ್ದೆ, ಆದರೆ ನನಗೆ ಉಪಾಯ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನಮ್ಮ ಓಣಿಯ ಹೈಸ್ಕೂಲ್ ಅಕ್ಕಾರಿಗೆ. ಇಪ್ಪತ್ತು ವರ್ಷ ಪಾಠ ಮಾಡಿದವರು. ಸಂಜೆ ಅವರ ಕಟ್ಟೆಯ ಮೇಲೆ ಕುಂತು ಕೇಳಿದಾಗ ಎರಡೇ ಮಾತು ಹೇಳಿದರು. "ಮಾತಾಡೋಕಿಂತ ಮೊದ್ಲು ಬರೀಲಿಕ್ಕೆ ಹಚ್ರಿ, ಎರಡು ಸಾಲು. ಮತ್ತ, ಗದ್ಲ ಯಾವಾಗ ನಿಲ್ಲಬೇಕು ಅನ್ನೂದನ್ನ ಮೊದ್ಲ ಹೇಳ್ರಿ."

ಮುಂದಿನ ಸಲ ಹಾಗೇ ಮಾಡಿದರು. ಎರಡು ಸಾಲು ಬರೆದರು, ಮಾತಾಡಿದರು, ಕೈ ಎತ್ತಿದಾಗ ನಿಲ್ಲಿಸಿದರು. ಆಗ ಮೂರನೇ ಸಾಲಿನ ಆ ಹುಡುಗಿ ಎದ್ದು ನಿಂತು ಹೇಳಿದಳು: "ಸರ, ನಮ್ಮವ್ವ ಮೆಂಬರ್ ಅದಾಳ್ರಿ. ಆದ್ರ ಮೀಟಿಂಗಿಗೆ ನಮ್ಮಪ್ಪ ಹೋಗ್ತಾನ್ರಿ."

ಕ್ಲಾಸು ತಣ್ಣಗಾಯಿತು. ಹಿಂದಿನಿಂದ ಒಬ್ಬ "ನಮ್ಮೂರಾಗೂ ಹಂಗ ಐತ್ರಿ" ಅಂದ. ಇನ್ನೊಬ್ಬಳು "ನಮ್ಮಲ್ಲಿ ಹಂಗಿಲ್ರಿ, ನಮ್ಮ ಅತ್ತೀನೇ ಹೋಗ್ತಾರ" ಅಂದಳು. ಹಾಗಾದರೆ ಮೀಸಲಾತಿಯಿಂದ ಏನಾಯಿತು, ಏನಾಗಲಿಲ್ಲ, ಕಾನೂನು ಏನು ಹೇಳುತ್ತದೆ? ಈಗ ಆ ಪ್ರಶ್ನೆಗಳನ್ನು ಮಕ್ಕಳೇ ಕೇಳುತ್ತಿದ್ದರು. 73ನೇ ತಿದ್ದುಪಡಿಯ ಸ್ಲೈಡು ಆಮೇಲೆ ಬಂತು. ಮೊಬೈಲ್ ಹುಡುಗ ತಲೆ ಎತ್ತಿ ನೋಡಿದ್ದನ್ನು ನಾನು ಕಂಡೆ. ಅವನು ಕಡೆಗೂ ಬಾಯಿ ಬಿಡಲಿಲ್ಲ ಅನ್ನುವುದನ್ನೂ ಹೇಳಬೇಕು. ಒಂದೇ ಪಾಠಕ್ಕೆ ಎಲ್ಲ ಬದಲಾಗಿಬಿಡುವುದಿಲ್ಲ.

ಬರುವ ಆಕ್ಷೇಪಗಳು

ಇದನ್ನು ಹೇಳಿದಾಗ ಅನುಭವಿ ಉಪನ್ಯಾಸಕರು ಕೇಳುವ ಪ್ರಶ್ನೆಗಳು ನನಗೆ ಬಾಯಿಪಾಠ. ಸಿಲೆಬಸ್ ಯಾರು ಮುಗಿಸಬೇಕು? ನೂರು ಮಕ್ಕಳ ಕ್ಲಾಸಿನಲ್ಲಿ ಇದೆಲ್ಲ ಆಗುತ್ತಾ? ಪರೀಕ್ಷೆಯಲ್ಲಿ ಕೇಳುವುದೇ ವ್ಯಾಖ್ಯೆ, ಲಕ್ಷಣ, ಮಹತ್ವ. ಚರ್ಚೆ ಮಾಡಿದ ಹುಡುಗನಿಗೆ ಅಂಕ ಯಾರು ಕೊಡುತ್ತಾರೆ?

ಮೂರನೆಯದನ್ನು ನಾನು ಒಪ್ಪುತ್ತೇನೆ. ಪ್ರಶ್ನೆಪತ್ರಿಕೆ ಬದಲಾಗದೆ ಪಾಠ ಪೂರ್ತಿ ಬದಲಾಗುವುದಿಲ್ಲ. ಎನ್‌ಇಪಿ 2021ರಲ್ಲಿ ಬಂತು, 2024ರಲ್ಲಿ ಹೋಯಿತು, ಪಠ್ಯಕ್ರಮ ಎರಡು ಸಲ ಬದಲಾಯಿತು. ಗೈಡು ಮಾತ್ರ ಅಂಗಡಿಯಲ್ಲಿ ಹಾಗೇ ಇದೆ. ಆದರೆ ಮೊದಲೆರಡಕ್ಕೆ ಉತ್ತರ ಇದೆ. ಐವತ್ತು ನಿಮಿಷದಲ್ಲಿ ಹತ್ತು ನಿಮಿಷ ಕೊಟ್ಟರೆ ಸಾಕು. ನೂರು ಮಂದಿ ಇದ್ದರೂ ಪ್ರತಿಯೊಬ್ಬರ ಪಕ್ಕದಲ್ಲಿ ಒಬ್ಬರು ಕುಂತೇ ಇರುತ್ತಾರೆ. ಮುಗಿಸಿದ್ದು ಸಿಲೆಬಸ್ಸೋ, ಪುಸ್ತಕವೋ ಅಂತಲೂ ಒಮ್ಮೆ ಕೇಳಿಕೊಳ್ಳಬೇಕು.

ನಿಜವಾದ ಆಕ್ಷೇಪ ಬೇರೆ ಇದೆ. ರಾಜ್ಯದ ನಾಲ್ಕುನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ನಡೆಸುತ್ತಿರುವುದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. 2022ರ ಜನವರಿಯಲ್ಲಿ ಅವರ ಗೌರವಧನ ಹೆಚ್ಚಾಯಿತು, ವಾರದ ಬೋಧನೆ 15 ಗಂಟೆಗೆ ಏರಿತು. ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ ಯುಜಿಸಿ ಹೇಳುವುದು ವಾರಕ್ಕೆ 16 ಗಂಟೆ. ಅಂದರೆ ಪಾಠದ ಹೊರೆ ಹೆಚ್ಚುಕಡಿಮೆ ಸಮ. ಬಡ್ತಿ ಇಲ್ಲದವರಿಗೆ ಬಡ್ತಿಗಾಗಿ ಕಟ್ಟಿದ ತರಬೇತಿ ಎಲ್ಲಿಂದ ಮುಟ್ಟಬೇಕು? ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದವರಿಗೆ 'ಹೊಸ ಪದ್ಧತಿ ಕಲಿಯಿರಿ' ಅನ್ನಲು ನಮಗೆ ಬಾಯಿ ಹೇಗೆ ಬರಬೇಕು? ಅವರನ್ನು ಬಿಟ್ಟು ಮಾಡುವ ಯಾವ ತರಬೇತಿಯೂ ನಮ್ಮೂರಿನ ಮಕ್ಕಳನ್ನು ತಲುಪುವುದಿಲ್ಲ.

ಮಾಡಬಹುದಾದದ್ದು

ದೊಡ್ಡ ಯೋಜನೆ ಬೇಡ. ನಾಲ್ಕು ಕೆಲಸ.

ಒಂದು, ಹೊಸದಾಗಿ ಸೇರಿದವರಿಗೆ ಕ್ಲಾಸಿಗೆ ಹೋಗುವ ಮೊದಲು ಎರಡು ವಾರ ಕೊಡಿ. ಅದರಲ್ಲಿ ಭಾಷಣ ಕಡಿಮೆ ಇರಲಿ, ಅವರೇ ಹತ್ತು ನಿಮಿಷದ ಪಾಠ ಮಾಡಿ ತಿದ್ದಿಸಿಕೊಳ್ಳಲಿ. ಪ್ರತಿ ಜಿಲ್ಲೆಯಲ್ಲೂ ಶಾಲಾ ಶಿಕ್ಷಕರಿಗೆಂದು ಡಯಟ್ ಇದೆ. ಪಾಠ ಮಾಡುವುದನ್ನು ಕಲಿಸಲು ಬಲ್ಲವರು ಅಲ್ಲಿದ್ದಾರೆ. ಇಲಾಖೆ ಬೇರೆ ಅನ್ನುವುದೊಂದೇ ಅಡ್ಡಿ. ಕಾಲೇಜಿನವರು ಹೈಸ್ಕೂಲಿನವರಿಂದ ಕಲಿಯುವುದೇ ಅನ್ನುವ ಬಿಗುಮಾನ ಇದ್ದರೆ ಅದನ್ನು ಬಿಡಬೇಕು.

ಎರಡು, ಮೊದಲ ಸೆಮಿಸ್ಟರ್ ಪೂರ್ತಿ ಒಬ್ಬ ಹಿರಿಯರ ಜತೆ ಜೋಡಿ ಮಾಡಿ. ತಿಂಗಳಿಗೆ ಎರಡು ಸಲ ಹಿರಿಯರು ಕಿರಿಯರ ಕ್ಲಾಸಿನಲ್ಲಿ ಕುಂಡ್ರಲಿ, ಒಂದು ಸಲ ಕಿರಿಯರು ಹಿರಿಯರ ಕ್ಲಾಸಿನಲ್ಲಿ. ಆ ಹೊತ್ತನ್ನು ಇಬ್ಬರ ವರ್ಕ್‌ಲೋಡಿಗೆ ಸೇರಿಸಿ. ನೋಡಿದ್ದು ಯಾವ ಕಡತಕ್ಕೂ ಹೋಗಬಾರದು. ಸರ್ವಿಸ್ ರಿಜಿಸ್ಟರಿಗೆ ಹೋಗುತ್ತದೆ ಅಂತ ಗೊತ್ತಾದರೆ ಎಲ್ಲರೂ ನಾಟಕ ಆಡುತ್ತಾರೆ.

ಮೂರು, ಅತಿಥಿ ಉಪನ್ಯಾಸಕರನ್ನೂ ಸೇರಿಸಿ, ತರಬೇತಿಯ ಗಂಟೆಗೂ ಗೌರವಧನ ಕೊಡಿ.

ನಾಲ್ಕು, ವಿಶ್ವವಿದ್ಯಾಲಯಗಳು ಪ್ರತಿ ಪತ್ರಿಕೆಯಲ್ಲಿ ಒಂದಾದರೂ ಪ್ರಶ್ನೆಯನ್ನು ಗೈಡಿನಿಂದ ಬರೆಯಲಾಗದಂತೆ ಕೇಳಲಿ. ಅಷ್ಟು ಸಾಕು, ಮೇಷ್ಟ್ರಿಗೆ ಕ್ಲಾಸಿನಲ್ಲಿ ಪ್ರಶ್ನೆ ಕೇಳಲು ಒಂದು ನೆಪ ಸಿಗುತ್ತದೆ.

ಕೊನೆಯದಾಗಿ ನಮಗೂ ಒಂದು ಮಾತು. ಈ ಬ್ಲಾಗಿನಲ್ಲಿ ಬರೆಯುವ ನಾವೆಲ್ಲ ಕಾಲೇಜುಗಳ ಸುದ್ದಿ ಮಾಡುತ್ತೇವೆ. ಕಟ್ಟಡ ಸೋರುವುದು, ಶೌಚಾಲಯ ಇಲ್ಲದ್ದು, ಹುದ್ದೆ ಖಾಲಿ ಇರುವುದು, ನ್ಯಾಕ್ ಗ್ರೇಡು, ಸ್ಮಾರ್ಟ್ ಬೋರ್ಡು. ಎಲ್ಲವೂ ಬೇಕಾದ ಸುದ್ದಿಗಳೇ. ಆದರೆ ಹನ್ನೆರಡು ವರ್ಷದ ವರದಿಗಾರಿಕೆಯಲ್ಲಿ ನಾನು ಪಾಠ ನಡೆಯುವ ಕೋಣೆಯೊಳಗೆ ಹೋಗಿದ್ದು ಅದೇ ಮೊದಲು. ನನ್ನ ಮೊದಲ ವರದಿಯನ್ನು ಡೆಸ್ಕಿನ ಹಿರಿಯರೊಬ್ಬರು ಫೋನಿನಲ್ಲಿ ಸಾಲು ಸಾಲಾಗಿ ಓದಿ, ಬೈದು, ತಿದ್ದಿದ್ದರು. ಆ ಬೈಗುಳ ಇರದಿದ್ದರೆ ನಾನು ಇವತ್ತಿಗೂ 'ಕಾರ್ಯಕ್ರಮ ವಿಜೃಂಭಣೆಯಿಂದ ಜರುಗಿತು' ಅಂತಲೇ ಬರೆಯುತ್ತಿದ್ದೆ. ನಮಗೆ ಡೆಸ್ಕ್ ಇತ್ತು. ಅವರಿಗೆ ಯಾರಿದ್ದಾರೆ?

ನಮ್ಮ ಕಡೆ ಹೊಸ ಹೋರಿಯನ್ನು ಒಂಟಿಯಾಗಿ ನೊಗಕ್ಕೆ ಹೂಡುವುದಿಲ್ಲ, ಪಳಗಿದ ಎತ್ತಿನ ಜೋಡಿ ಹೂಡುತ್ತಾರೆ. ಸಾಲು ಸೊಟ್ಟ ಹೋದರೆ ಹಳೆಯದು ಎಳೆದು ತರುತ್ತದೆ. ಮೊನ್ನೆ ಮೇಷ್ಟ್ರು ಫೋನ್ ಮಾಡಿದ್ದರು. ಅವರ ಕಾಲೇಜಿಗೆ ಅರ್ಥಶಾಸ್ತ್ರಕ್ಕೆ ಹೊಸ ಅತಿಥಿ ಉಪನ್ಯಾಸಕಿ ಬಂದಿದ್ದಾರಂತೆ. "ಮೇಡಮ್ಮಾರು ಕ್ಲಾಸಿನ್ಯಾಗ ಬಂದು ಕುಂಡ್ರು ಅಂದಾರ್ರಿ ಸರ. ನಾಳೆ ಹೋಗಾಕತ್ತೀನಿ" ಅಂದರು.